ಭಜನಾ ಮಂಡಳಿಯ ಸ್ಪೀಕರ್ ಗರಗರ ಅಂದರೆ: ಮನೆಯಲ್ಲಿ ಆಗುವ ರಿಪೇರಿ ಎಷ್ಟು, ಅಂಗಡಿಗೆ ಒಯ್ಯಬೇಕಾದ್ದು ಎಷ್ಟು

ಪ್ರಶ್ನೆ: ಶರಣಾರ್ಥಿ ಸರ್. ಕಲಬುರಗಿ ಜಿಲ್ಲಾ ಆಳಂದ ತಾಲ್ಲೂಕಿನ ಹಳ್ಳಿಯಿಂದ ಬರೀಲಿಕತ್ತೀನಿ. ನಮ್ಮ ಭಜನಾ ಮಂಡಳಿದು 12 ಇಂಚಿನ ಎರಡು ಸ್ಪೀಕರ್ ಬಾಕ್ಸ್ ಅವ. ಒಂದು ಸಣ್ಣಗ ಇಟ್ರ ಚಲೋ ಕೇಳ್ತದ, ದನಿ ಏರಿಸಿದ ಕೂಡ್ಲೆ ಗರಗರ ಅಂತದ. ಇನ್ನೊಂದು ಒಮ್ಮೆ ಬರ್ತದ, ಒಮ್ಮೆ ಬರಲ್ಲ. ಅದರ ಕೋನ್‌ಗೆ ಇಲಿ ಕಡದು ಎರಡು ಬೆರಳು ಹೋಗುವಷ್ಟು ತೂತು ಬಿದ್ದದ. ಮನ್ಯಾಗ ಒಂದು ಹಳೇ ಮ್ಯೂಸಿಕ್ ಸಿಸ್ಟಮ್ ಅದ, ಅದರ ವೂಫರ್ ಸುತ್ತಿನ ಫೋಮ್ ಮುಟ್ಟಿದ್ರ ಪುಡಿಪುಡಿ ಆಗ್ತದ. ಅಂಗಡ್ಯಾಗ ಕೇಳಿದ್ರ ಎಲ್ಲಾ ಹೊಸಾವೇ ಹಾಕ್ರಿ ಅಂದ್ರು. ಶ್ರಾವಣ ಹತ್ರ ಬಂತು. ಮನ್ಯಾಗೇ ರಿಪೇರಿ ಮಾಡ್ಲಿಕ್ಕೆ ಬರ್ತದೇನ್ರಿ? ಯಾವ ಅಂಟು ಹಚ್ಚಬೇಕು? ನಮ್ಮ ಹತ್ರ ಬೆಸುಗೆ ಹಾಕೋ ಐರನ್, ಮಲ್ಟಿಮೀಟರ್ ಎರಡೂ ಅವ.

ಉತ್ತರ: ಶರಣಾರ್ಥಿ. ಮೂರನ್ನೂ ಗುಜರಿಗೆ ಹಾಕುವ ಅಗತ್ಯ ಇಲ್ಲ. ನೀವು ಬರೆದ ಲಕ್ಷಣ ನೋಡಿದರೆ ಇಲಿ ಕಡಿದ ಬಾಕ್ಸ್ ಮತ್ತು ಫೋಮ್ ಉದುರಿದ ವೂಫರ್ (ದಪ್ಪ ದನಿಯ ಸ್ಪೀಕರ್) ಎರಡನ್ನೂ ಮನೆಯಲ್ಲೇ ಸರಿಮಾಡಬಹುದು. ಗರಗರ ಅನ್ನುವ ಬಾಕ್ಸಿನ ಮಾತು ಬೇರೆ, ಅದು ಒಳಗಿನ ಕಾಯಿಲಿನ, ಅಂದರೆ ಕೋನನ್ನು (ಮುಂದಿನ ತಟ್ಟೆಯನ್ನು) ಅಲುಗಿಸುವ ತಾಮ್ರದ ತಂತಿಯ ಸುರುಳಿಯ, ಸ್ಥಿತಿಯ ಮೇಲೆ ಹೋಗುತ್ತದೆ. ಆದರೆ ಅಂಟಿನ ಡಬ್ಬಿ ತೆರೆಯುವ ಮೊದಲು ಒಂದು ಮಾತು ಒತ್ತಿ ಹೇಳಬೇಕು. ಸ್ಪೀಕರ್ ತಾನಾಗಿ ಕೆಡುವುದು ಕಡಿಮೆ. ಅದನ್ನು ಕೆಡಿಸುವುದು ಆಂಪ್ಲಿಫೈಯರ್, ತಪ್ಪು ವೈರಿಂಗ್, ಇಟ್ಟ ಜಾಗ. ಆ ಕಾರಣ ಹಾಗೇ ಉಳಿದರೆ ನೀವು ಹೊಸ ಕೋನ್ ಹಾಕಿಸಿರಿ, ಹೊಸ ಕಾಯಿಲ್ ಹಾಕಿಸಿರಿ, ಒಂದು ರಾತ್ರಿಯ ಭಜನೆಗೆ ಅದೂ ಹೋಗುತ್ತದೆ. ಅದಕ್ಕಾಗಿ ಈ ಉತ್ತರದಲ್ಲಿ ಅಂಟಿನಷ್ಟೇ ಪರೀಕ್ಷೆಯ ಮಾತೂ ಇದೆ.

ಮೊದಲು, ದೋಷ ಸ್ಪೀಕರಿನದೇ ಹೌದೋ ಅಲ್ಲವೋ ನೋಡಿರಿ. ಆಂಪ್ಲಿಫೈಯರ್ ಬಂದ್ ಮಾಡಿ, ಎರಡು ಬಾಕ್ಸುಗಳ ವೈರನ್ನು ಅದಲುಬದಲು ಮಾಡಿರಿ. ವೈರು, ಜಾಕ್ ಎಲ್ಲವನ್ನೂ ಸೇರಿಸಿಯೇ ಬದಲಿಸಿರಿ. ಗರಗರ ಸದ್ದು ಅದೇ ಬಾಕ್ಸಿನಲ್ಲಿ ಉಳಿದರೆ ದೋಷ ಬಾಕ್ಸಿನದು. ಸದ್ದು ಇನ್ನೊಂದು ಬಾಕ್ಸಿಗೆ ಹೋದರೆ ದೋಷ ಆಂಪ್ಲಿಫೈಯರಿನದೋ ವೈರಿನದೋ ಆಗಿರುತ್ತದೆ, ಸ್ಪೀಕರ್ ಬಿಚ್ಚುವ ಕೆಲಸವೇ ಇಲ್ಲ. ಐದು ನಿಮಿಷದ ಈ ಕೆಲಸ ಮಾಡದೆ ಚಲೋ ಇರುವ ಸ್ಪೀಕರನ್ನು ಬಿಚ್ಚಿ ಹಾಳು ಮಾಡಿಕೊಂಡವರು ಬಹಳ ಜನ. ಆಂಪ್ಲಿಫೈಯರ್ ಚಾಲೂ ಇದ್ದಾಗ ಮಾತ್ರ ವೈರು ಕೀಳಬೇಡಿರಿ. ಎರಡು ವೈರಿನ ತುದಿ ಒಂದಕ್ಕೊಂದು ತಾಗಿದರೆ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತದೆ.

ಬಾಕ್ಸಿನಲ್ಲೇ ದೋಷ ಅಂತ ಖಾತ್ರಿಯಾದರೆ ಸ್ಪೀಕರ್ ಹೊರಗೆ ತೆಗೆಯಿರಿ. ನೆಲದ ಮೇಲೆ ಮೊದಲು ಒಂದು ಹಳೇ ಚಾದರ ಹಾಸಿರಿ. ನಮ್ಮ ಕಡೆ ಮನೆಗಳ ಶಹಾಬಾದ್ ಪರಸಿಯ ಸಂದಿನಲ್ಲಿ ಸಣ್ಣ ಮೊಳೆ, ಕಬ್ಬಿಣದ ಚೂರು ಕೂತೇ ಇರುತ್ತವೆ. ಸ್ಪೀಕರಿನ ಮ್ಯಾಗ್ನೆಟ್ ಅವನ್ನೆಲ್ಲ ಎಳೆದುಕೊಳ್ಳುತ್ತದೆ, ಒಂದು ಚೂರು ಕಾಯಿಲಿನ ಸಂದಿಗೆ ಹೋದರೆ ಹೊಸ ತೊಂದರೆ. ಸ್ಕ್ರೂಡ್ರೈವರ್ ಹಿಡಿದ ಕೈ ಬಿಗಿ ಇರಲಿ. ಸ್ಕ್ರೂ ಬಿಚ್ಚುವಾಗ ಮ್ಯಾಗ್ನೆಟ್ಟಿನ ಸೆಳೆತಕ್ಕೆ ಅದು ಸರಕ್ಕನೆ ಜಾರಿ ಕೋನಿಗೆ ಚುಚ್ಚುತ್ತದೆ. ಇನ್ನೊಂದು ಕೈಯನ್ನು ಸ್ಕ್ರೂ ಮತ್ತು ಕೋನ್ ನಡುವೆ ಅಡ್ಡ ಇಟ್ಟುಕೊಂಡೇ ಬಿಚ್ಚಿರಿ. ವೈರು ಬಿಡಿಸುವ ಮೊದಲು ಯಾವ ಬಣ್ಣ ಪ್ಲಸ್ ಕಡೆ ಇತ್ತು ಅಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿರಿ. ಬಾಕ್ಸಿನ ಒಳಗೇ ಆಂಪ್ಲಿಫೈಯರ್ ಇರುವ ಕರೆಂಟಿನ ಬಾಕ್ಸ್ ಆದರೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿರಿ, ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಈಗ ಮೀಟರ್. ಮಲ್ಟಿಮೀಟರನ್ನು 200 ಓಮ್‌ಗೆ (ಓಮ್ ಅಂದರೆ ಕರೆಂಟಿಗೆ ಆಗುವ ತಡೆಯ ಅಳತೆ) ಇಟ್ಟು ಮೊದಲು ಅದರ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ಮುಟ್ಟಿಸಿರಿ. 0.3, 0.5 ಅಂತ ಏನೋ ಬರುತ್ತದೆ, ಅದು ಮೀಟರಿನ ವೈರಿನ ಲೆಕ್ಕ. ಮುಂದೆ ಬರುವ ಅಂಕಿಯಲ್ಲಿ ಅಷ್ಟನ್ನು ಕಳೆಯಿರಿ. ಸ್ಪೀಕರಿನ ಎರಡು ಟರ್ಮಿನಲ್ಲಿಗೆ ಕಡ್ಡಿ ಹಿಡಿದಾಗ 8 ಓಮಿನ ಸ್ಪೀಕರ್ ಸುಮಾರು 5.5ರಿಂದ 7ರವರೆಗೆ ತೋರಿಸಬೇಕು, 4 ಓಮಿನದು 3ರಿಂದ 3.8. ಮ್ಯಾಗ್ನೆಟ್ಟಿನ ಮೇಲೆ 8 ಅಂತ ಬರೆದಿದ್ದು ಮೀಟರಿನಲ್ಲಿ 6.2 ಬಂತು ಅಂದರೆ ಸ್ಪೀಕರ್ ಕೆಟ್ಟಿಲ್ಲ, ಅದು ಇರಬೇಕಾದ್ದೇ ಹಾಗೆ. ಬರೆದಿರುವ 8 ಹಾಡಿನ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಮೀಟರ್ ತೋರಿಸುವುದು ಬರೀ ತಾಮ್ರದ ತಂತಿಯ ತಡೆ. ಏನೂ ತೋರಿಸದೆ ಎಡಗಡೆ ಒಂದು 1 ಮಾತ್ರ ನಿಂತರೆ ಎಲ್ಲೋ ತಂತಿ ಹರಿದಿದೆ. 8 ಓಮಿನದರಲ್ಲಿ 2 ಅಥವಾ 3 ಬಂದರೆ ಕಾಯಿಲಿನ ಸುತ್ತುಗಳು ಸುಟ್ಟು ಒಂದಕ್ಕೊಂದು ಕೂಡಿಕೊಂಡಿವೆ. ಅಂಥ ಸ್ಪೀಕರನ್ನು ಆಂಪ್ಲಿಫೈಯರಿಗೆ ಮತ್ತೆ ಕೊಡಲೇಬೇಡಿರಿ, ಆಂಪ್ಲಿಫೈಯರನ್ನೂ ಅದು ಸುಡುತ್ತದೆ.

ಮೀಟರ್ ಇಲ್ಲದವರಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಸಾಕು. ಎರಡು ವೈರನ್ನು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ ಬಿಡಿರಿ. ಟಕ್ ಅಂದರೆ ಕಾಯಿಲ್ ಜೀವಂತ ಇದೆ. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ ಮುಟ್ಟಿಸಿದಾಗ ಕೋನ್ ಹೊರಗೆ ಬರಬೇಕು. ಗುರುತು ಅಳಿಸಿಹೋಗಿದ್ದರೆ ಪ್ಲಸ್ ಯಾವುದು ಅಂತ ಹೀಗೇ ಕಂಡುಕೊಳ್ಳಬೇಕು. ಜೋಡಿ ಬಾಕ್ಸುಗಳಲ್ಲಿ ಒಂದಕ್ಕೆ ಪ್ಲಸ್ ಮೈನಸ್ ಉಲ್ಟಾ ಆಗಿದ್ದರೆ ಒಂದರ ಕೋನ್ ಹೊರಬರುವಾಗ ಇನ್ನೊಂದರದು ಒಳಹೋಗುತ್ತದೆ. ಎರಡೂ ಚಲೋ ಇದ್ದರೂ ತಬಲಾದ ಡಗ್ಗಾದ ಗುಮ್ಮೆನ್ನುವ ದನಿ ಕರಗಿಹೋಗುತ್ತದೆ.

ಇನ್ನು ಗರಗರದ ಮೂಲ ಪರೀಕ್ಷೆ. ಇದಕ್ಕೆ ನಿಮ್ಮ ಬೆರಳು ಮತ್ತು ಕಿವಿ ಸಾಕು. ಸ್ಪೀಕರನ್ನು ಮುಖ ಮೇಲೆ ಮಾಡಿ ಇಟ್ಟು, ಎರಡು ಕೈಯ ಬೆರಳ ತುದಿಗಳನ್ನು ನಡುವಿನ ಟೋಪಿಯ, ಅಂದರೆ ಡಸ್ಟ್ ಕ್ಯಾಪಿನ ಸುತ್ತ ಸಮನಾಗಿ ಇಡಿರಿ. ಒಂದೇ ಕಡೆ ಭಾರ ಬೀಳಬಾರದು. ಕಿವಿಯನ್ನು ಹತ್ತಿರ ತಂದು ಕೋನನ್ನು ಮೆಲ್ಲಗೆ ಕೆಳಗೆ ಒತ್ತಿ, ಮೆಲ್ಲಗೆ ಬಿಡಿರಿ. ಸದ್ದಿಲ್ಲದೆ ಮೆತ್ತಗೆ ಹೋಗಿ ಬಂದರೆ ಕಾಯಿಲಿಗೆ ದಾರಿ ಸಾಫ್ ಇದೆ. ಮರಳುಕಾಗದ ಉಜ್ಜಿದಂತೆ ಸರ್ ಸರ್ ಕೇಳಿದರೆ ಕಾಯಿಲ್ ಮ್ಯಾಗ್ನೆಟ್ಟಿನ ಸಂದಿನ ಗೋಡೆಗೆ ಉಜ್ಜುತ್ತಿದೆ. ಆ ಸಂದು ಎಷ್ಟು ಕಿರಿದು ಅಂದರೆ, ಕಾಯಿಲಿನ ಒಂದೊಂದು ಬದಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ಜಾಗ ಇರುತ್ತದೆ. ಕೋನಿನ ಅಂಚಿನ ಫೋಮ್ ಅಥವಾ ಬಟ್ಟೆ, ಹಿಂದಿನ ಹಳದಿ ಮಡಿಕೆಮಡಿಕೆ ಬಟ್ಟೆಯ ಸ್ಪೈಡರ್, ಇವೆರಡೂ ಇರುವುದೇ ಕಾಯಿಲನ್ನು ಆ ಸಂದಿನ ನಟ್ಟನಡುವೆ ಹಿಡಿದಿಡಲು. ಯಾವುದೊಂದು ಸಡಿಲಾದರೂ ಕಾಯಿಲ್ ಓರೆಯಾಗುತ್ತದೆ. ದನಿ ಸಣ್ಣ ಇದ್ದಾಗ ಕಾಯಿಲ್ ಹೆಚ್ಚು ಅಲುಗುವುದಿಲ್ಲ, ಅದಕ್ಕೇ ನಿಮ್ಮ ಬಾಕ್ಸ್ ಸಣ್ಣ ದನಿಯಲ್ಲಿ ಚಲೋ ಕೇಳುತ್ತದೆ.

ಉಜ್ಜುವ ಸದ್ದು ಬಂದರೆ ಹಿಂದಿನಿಂದ ಸ್ಪೈಡರ್ ನೋಡಿರಿ. ಅದರ ಹೊರ ಅಂಚು ಚೌಕಟ್ಟಿನಿಂದ ಒಂದು ಕಡೆ ಎದ್ದಿದ್ದರೆ ನಿಮ್ಮ ಪುಣ್ಯ. ಅಲ್ಲಿ ರಬ್ಬರ್ ಅಂಟು ಸವರಿ, ಕೋನನ್ನು ನಡುವೆ ಇಟ್ಟು ಒಣಗಿಸಿದರೆ ಮುಗಿಯಿತು. ಮುಂದಿನ ಕೋನ್ ಅಂಚಿನದೂ ಹಾಗೆ. ಸಂದಿನಲ್ಲಿ ಕಬ್ಬಿಣದ ಚೂರು ಸೇರಿದ್ದರೆ ಡಸ್ಟ್ ಕ್ಯಾಪನ್ನು ಹೊಸ ಬ್ಲೇಡಿನಿಂದ ಅಂಚಿಗೆ ಸುತ್ತಲೂ ಕೊಯ್ದು ಎತ್ತಿ, ಗಟ್ಟಿ ಕಾಗದದ ಪಟ್ಟಿಗೆ ಟೇಪನ್ನು ಅಂಟುವ ಮೈ ಹೊರಗೆ ಮಾಡಿ ಸುತ್ತಿ, ಸಂದಿನಲ್ಲಿ ಇಳಿಸಿ ಎತ್ತಿರಿ. ಊದಿದರೆ ಅದು ಬರುವುದಿಲ್ಲ, ಮ್ಯಾಗ್ನೆಟ್ ಅದನ್ನು ಬಿಡುವುದಿಲ್ಲ. ಬಾಕ್ಸ್ ಎತ್ತರದಿಂದ ಬಿದ್ದಿದ್ದರೆ ಮ್ಯಾಗ್ನೆಟ್ಟೇ ಕೂದಲಷ್ಟು ಸರಿದಿರುತ್ತದೆ. ಅದನ್ನು ಸುತ್ತಿಗೆಯಿಂದ ಬಡಿದು ಕೂಡಿಸುವ, ಬಿಚ್ಚಿ ಮತ್ತೆ ಜೋಡಿಸುವ ಸಾಹಸ ಬೇಡ. ಬಿಚ್ಚಿದ ಮ್ಯಾಗ್ನೆಟ್ ಬೆರಳು ಜಜ್ಜುತ್ತದೆ, ನಟ್ಟನಡುವೆ ಮತ್ತೆ ಕೂಡಿಸಲು ಅಚ್ಚು ಬೇಕಾಗುತ್ತದೆ.

ಒತ್ತಿದಾಗ ಉಜ್ಜುವ ಸದ್ದಿನ ಜೊತೆ ಮೂಗಿಗೆ ಸುಟ್ಟ ವಾರ್ನಿಷಿನ ವಾಸನೆ ಬಂದರೆ ಕಾಯಿಲ್ ಕಾದು ಉಬ್ಬಿದೆ ಅಂತ ತಿಳಿಯಿರಿ. ಇದಕ್ಕೆ ಮನೆಮದ್ದು ಇಲ್ಲ, ಅಂಗಡಿಯಲ್ಲಿ ರೀಕೋನ್ ಮಾಡಿಸಬೇಕು, ಅಂದರೆ ಕಾಯಿಲ್, ಸ್ಪೈಡರ್, ಕೋನ್ ಹೊಸದು ಹಾಕಿಸಬೇಕು. ಒತ್ತಿದಾಗ ಸದ್ದೇ ಇಲ್ಲ, ಮೀಟರ್ ಅಂಕಿಯೂ ಸರಿ, ಆದರೂ ಗರಗರ ಅನ್ನುತ್ತದೆ ಅಂದರೆ ಸಣ್ಣ ಕಾರಣ ಹುಡುಕಿರಿ: ಡಸ್ಟ್ ಕ್ಯಾಪ್ ಒಂದು ಕಡೆ ಬಿಟ್ಟಿರುವುದು, ಬಾಕ್ಸಿನ ಹಿಂದಿನ ಹಲಗೆಯ ಸ್ಕ್ರೂ ಸಡಿಲು, ಮುಂದಿನ ಜಾಲರಿ ಅಲುಗುವುದು, ಒಳಗಿನ ವೈರು ಕೋನಿಗೆ ಬಡಿಯುವುದು. ಹಾಡು ಹಚ್ಚಿ ಒಂದೊಂದನ್ನೇ ಬೆರಳಿನಿಂದ ಒತ್ತಿ ಹಿಡಿಯಿರಿ, ಯಾವುದನ್ನು ಹಿಡಿದಾಗ ಸದ್ದು ನಿಂತಿತೋ ಅದೇ ಕಳ್ಳ.

ಒಮ್ಮೆ ಬಂದು ಒಮ್ಮೆ ಹೋಗುವ ನಿಮ್ಮ ಎರಡನೇ ಬಾಕ್ಸಿನ ಕಥೆ ಬಹುತೇಕ ಹೊಂದುವುದು ಟಿನ್ಸೆಲ್ ವೈರಿಗೆ. ಸ್ಪೀಕರಿನ ಟರ್ಮಿನಲ್ಲಿನಿಂದ ಕೋನಿನ ಹಿಂಬದಿಗೆ ಹೋಗುವ, ಹೆಣೆದ ದಾರದಂಥ ಎರಡು ಮೆತ್ತನೆ ವೈರುಗಳು ಕಾಣುತ್ತವಲ್ಲ, ಅವು. ನೂಲಿನ ಮೇಲೆ ತೆಳು ತಾಮ್ರದ ಪಟ್ಟಿ ಸುತ್ತಿ ಹೆಣೆದಿರುತ್ತಾರೆ. ಹಾಡು ನಡೆದಷ್ಟು ಹೊತ್ತು ಅವು ಕೋನಿನ ಜೊತೆ ಕುಣಿಯುತ್ತಲೇ ಇರುತ್ತವೆ, ಕೊನೆಗೆ ಟರ್ಮಿನಲ್ಲಿನ ಬುಡದಲ್ಲೋ ಕೋನಿನ ತೂತಿನ ಬುಡದಲ್ಲೋ ತಾಮ್ರದ ಪಟ್ಟಿ ಹರಿಯುತ್ತದೆ. ಒಳಗಿನ ನೂಲು ಹಾಗೇ ಇರುವುದರಿಂದ ಕಣ್ಣಿಗೆ ಇಡಿಯಾಗಿ ಕಾಣುತ್ತದೆ. ಮೀಟರಿನ ಕಡ್ಡಿ ಟರ್ಮಿನಲ್ಲಿಗೆ ಹಿಡಿದು ಆ ವೈರನ್ನು ಊದುಬತ್ತಿ ಕಡ್ಡಿಯಿಂದ ಅತ್ತಿತ್ತ ಅಲುಗಿಸಿರಿ. ಅಂಕಿ ಬಂದು ಬಂದು ಹೋದರೆ ರೋಗ ಸಿಕ್ಕಿತು. ಕಾಯಿಲ್ ಸುಟ್ಟಿದೆ ಅಂತ ಬಿಸಾಡುವ ಎಷ್ಟೋ ಸ್ಪೀಕರುಗಳಿಗೆ ಆಗಿರುವುದು ಇಷ್ಟೇ.

ಬದಲಿಸುವಾಗ ಮಾಮೂಲಿ ತಾಮ್ರದ ವೈರು ಹಾಕಬೇಡಿರಿ, ಕೆಲವೇ ದಿನದಲ್ಲಿ ಮಡಿಚಿ ಮಡಿಚಿ ತುಂಡಾಗುತ್ತದೆ. ಗುಜರಿಯಲ್ಲಿ ಸಿಗುವ ಅಷ್ಟೇ ದೊಡ್ಡ ಸತ್ತ ಸ್ಪೀಕರಿನ ಟಿನ್ಸೆಲ್ ವೈರು ಕಿತ್ತು ತಂದರೆ ಖರ್ಚೇ ಇಲ್ಲ. ಬದಿಯಲ್ಲಿರುವ ಇನ್ನೊಂದು ವೈರು ಎಷ್ಟು ಉದ್ದ, ಎಷ್ಟು ಬಾಗಿದೆ ನೋಡಿ ಅಷ್ಟೇ ಕತ್ತರಿಸಿರಿ. ಬಿಗಿ ಇದ್ದರೆ ಕೋನನ್ನು ಎಳೆಯುತ್ತದೆ, ಉದ್ದ ಇದ್ದರೆ ಕೋನಿಗೆ ಬಡಿದು ಪಟಪಟ ಅನ್ನುತ್ತದೆ. ಬೆಸುಗೆ ಹಾಕುವಾಗ ಐರನ್ ಚಲೋ ಕಾದಿರಲಿ, ಮುಟ್ಟಿಸಿ ಎರಡು ಮೂರು ಸೆಕೆಂಡಿನಲ್ಲಿ ತೆಗೆಯಿರಿ. ಹೆಚ್ಚು ಹೊತ್ತು ಹಿಡಿದರೆ ಸೀಸ ವೈರಿನ ಒಳಗೆ ಏರಿ ಅಷ್ಟು ಉದ್ದ ಕಡ್ಡಿಯಂತೆ ಪೆಡಸಾಗುತ್ತದೆ, ಮುಂದೆ ಅಲ್ಲೇ ಮುರಿಯುತ್ತದೆ. ಬೆಸುಗೆಯಿಂದ ಸ್ವಲ್ಪ ಮೇಲೆ ವೈರನ್ನು ಚಿಮಟದಿಂದ ಹಿಡಿದುಕೊಂಡರೆ ಬಿಸಿ ಮೇಲೆ ಏರುವುದಿಲ್ಲ.

ಇಲಿ ಕಡಿದ ತೂತು. ಕೋನ್ ಕಾಗದದ್ದಾದರೆ ಫೆವಿಕಾಲ್ ತರಹದ ಬಿಳಿ ಅಂಟೇ ಸಾಕು, ಅದಕ್ಕೆ ಸ್ವಲ್ಪ ನೀರು ಬೆರೆಸಿ ಹಾಲಿನ ಕೆನೆಯಷ್ಟು ತೆಳು ಮಾಡಿಕೊಳ್ಳಿರಿ. ಕಾಗದ ತೆಳುವಾಗಿರಬೇಕು, ಟಿಶ್ಯೂ ಪೇಪರಿನ ಎರಡು ಪದರ ಆದೀತು. ದೊಡ್ಡ ತೂತಿಗೆ ಮಾತ್ರ ಹಳೇ ಕೋನಿನ ತುಂಡು ಅಥವಾ ಆಮಂತ್ರಣ ಪತ್ರಿಕೆಗಿಂತ ಸ್ವಲ್ಪ ತೆಳುವಾದ ಗಟ್ಟಿ ಕಾಗದ ಬೇಕು. ತೂತಿನ ಆಕಾರಕ್ಕೆ ಸರಿಯಾಗಿ ತುಂಡು ಕೂಡಿಸಿ, ಮೇಲಿನಿಂದಲೂ ಹಿಂದಿನಿಂದಲೂ ಟಿಶ್ಯೂ ಹಚ್ಚಿರಿ, ತೂತಿನ ಅಂಚಿನಿಂದ ಸುತ್ತಲೂ ಒಂದು ಸೆಂಟಿಮೀಟರ್ ಹೊರಗೆ ಬರಲಿ. ಟಿಶ್ಯೂವನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಿರಿ. ಹರಿದ ಅಂಚಿನ ನಾರು ಕೋನಿನಲ್ಲಿ ಕಲೆತುಹೋಗುತ್ತದೆ, ಕತ್ತರಿಯ ಅಂಚು ಮೆಟ್ಟಿಲಾಗಿ ನಿಂತು ಅಲ್ಲಿಂದಲೇ ಮತ್ತೆ ಸೀಳುತ್ತದೆ. ಬ್ರಶ್ಶಿನಿಂದ ಸವರಿ ಗಾಳಿಗುಳ್ಳೆ ತೆಗೆದು, ಒಂದು ರಾತ್ರಿ ಪೂರ್ತಿ ಒಣಗಲು ಬಿಡಿರಿ. ಒಣಗಿದ ಮೇಲೆ ಕಪ್ಪು ಮಾರ್ಕರ್ ಬಳಿದರೆ ತೇಪೆ ಕಾಣುವುದೂ ಇಲ್ಲ. ಎರಡು ಬೆರಳಿನ ತೂತು ಹೀಗೆ ಮುಚ್ಚಿದರೆ ನಿಮ್ಮ ಭಜನೆಯ ದನಿಯಲ್ಲಿ ಫರಕು ಕೇಳಿಸುವುದಿಲ್ಲ. ಆದರೆ ಇಲಿ ಅಂಚಿನ ಮಡಿಕೆ ಬಟ್ಟೆಯನ್ನೂ ಕಡಿದಿದ್ದರೆ ಅಲ್ಲಿ ಫೆವಿಕಾಲ್ ನಡೆಯದು, ಆ ಜಾಗ ಸದಾ ಬಳುಕುತ್ತಿರಬೇಕು. ಹಳೇ ಮಲ್‌ಮಲ್ ಬಟ್ಟೆಯ ತುಂಡಿಗೆ ಮೆತ್ತಗೆ ಒಣಗುವ ರಬ್ಬರ್ ಅಂಟು ತೆಳುವಾಗಿ ಸವರಿ ಹಚ್ಚಿರಿ. ಕೋನ್ ಪ್ಲಾಸ್ಟಿಕ್ಕಿನದಾದರೂ ಬಿಳಿ ಅಂಟು ಹಿಡಿಯುವುದಿಲ್ಲ, ಅದಕ್ಕೂ ರಬ್ಬರ್ ಅಂಟೇ.

ಫೆವಿಕ್ವಿಕ್ ಮಾತ್ರ ಕೋನಿನ ಹತ್ತಿರ ತರಬೇಡಿರಿ. ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಅಲುಗುವ ಕೋನ್ ಆ ಗಟ್ಟಿ ಅಂಚಿನ ಪಕ್ಕದಲ್ಲೇ ಹೊಸದಾಗಿ ಸೀಳುತ್ತದೆ. ಎಂ-ಸೀಲ್ ಭಾರ. ಸೆಲ್ಲೋಟೇಪ್ ನಮ್ಮ ಬೇಸಿಗೆಯ ಬಿಸಿಗೆ ಅಂಟು ಕರಗಿ ಬಿಟ್ಟುಕೊಂಡು ಫರ್ ಅಂತ ಹೊಡೆದುಕೊಳ್ಳುತ್ತದೆ.

ಈಗ ನಿಮ್ಮ ಮನೆಯ ವೂಫರ್. ನನ್ನ ದೃಷ್ಟಿಯಲ್ಲಿ ಮನೆಯಲ್ಲಿ ಮಾಡಬಹುದಾದ ರಿಪೇರಿಗಳಲ್ಲಿ ಅತಿ ಹೆಚ್ಚು ಸಾರ್ಥಕ ಅನ್ನಿಸುವುದು ಇದೇ, ಯಾಕೆಂದರೆ ಕಾಯಿಲ್, ಮ್ಯಾಗ್ನೆಟ್, ಕೋನ್ ಎಲ್ಲವೂ ಚಲೋ ಇದ್ದು ಬರೀ ಅಂಚು ಹೋಗಿರುತ್ತದೆ. ಆ ಫೋಮ್ ಪಾಲಿಯುರೆಥೇನಿನದು. ಗಾಳಿಯ ತೇವ, ಬಿಸಿಲು, ಆಮ್ಲಜನಕ ಸೇರಿ ಅದನ್ನು ಒಳಗಿಂದ ಕೊಳೆಸುತ್ತವೆ. ಬಾರಿಸಿರಿ, ಬಾರಿಸದೆ ಇಡಿರಿ, 10ರಿಂದ 20 ವರ್ಷದಲ್ಲಿ ಅದು ಪುಡಿಯಾಗಿಯೇ ತೀರುತ್ತದೆ. ಹಾಗಾಗಿ ಅದು ನಿಮ್ಮ ಬಳಕೆಯ ತಪ್ಪಲ್ಲ.

ಹೊಸ ಫೋಮ್ ರಿಂಗ್ ತರಿಸುವಾಗ 8 ಇಂಚಿನದು ಕೊಡಿ ಅಂತ ಕೇಳಿದರೆ ಸಾಲದು. ಮೂರು ಅಳತೆ ಮಿಲಿಮೀಟರಿನಲ್ಲಿ ಬರೆದುಕೊಳ್ಳಿರಿ: ಕೋನಿನ ಹೊರ ಅಂಚಿನ ವ್ಯಾಸ, ಚೌಕಟ್ಟಿನ ಮೇಲೆ ಫೋಮ್ ಅಂಟುವ ಜಾಗದ ಹೊರ ವ್ಯಾಸ, ನಡುವೆ ಉಬ್ಬಿರುವ ಸುರುಳಿಯ ಅಗಲ. ರಿಂಗುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ವಿಚಾರಿಸಿರಿ, ಸಿಗದಿದ್ದರೆ ಹೈದರಾಬಾದಿಗೆ ಹೋಗುವವರ ಕೈಯಲ್ಲಿ ಕೋಠಿಯ ಗುಜರಾತಿ ಗಲ್ಲಿಯಿಂದ ತರಿಸಿರಿ, ಅಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿ ಸಾಲು ಸಾಲು ಇವೆ. ಅಳತೆಯ ಚೀಟಿ ಕೊಟ್ಟು ಕಳಿಸಿರಿ.

ಹಳೇ ಫೋಮನ್ನು ಬೆರಳಿನಿಂದಲೂ ಮೊಂಡು ಚಾಕುವಿನಿಂದಲೂ ಕೆರೆದು, ಉಳಿದ ಜಿಗುಟನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿರಿ. ಚೌಕಟ್ಟಿನ ಮೇಲೆ ಕಬ್ಬಿಣ ಕಾಣಬೇಕು, ಕೋನಿನ ಅಂಚಿನಲ್ಲಿ ಮಾತ್ರ ಕಾಗದ ನೆನೆಯದಂತೆ ಹಗುರ ಕೈ ಇರಲಿ. ಇಷ್ಟಕ್ಕೇ ಒಂದು ತಾಸು ಹಿಡಿದೀತು, ಅವಸರ ಬೇಡ, ಅರೆಬರೆ ಸಾಫ್ ಮಾಡಿದ ಜಾಗದಲ್ಲಿ ಹೊಸ ಅಂಟು ಬಿಡುತ್ತದೆ. ಆಮೇಲೆ ಕಾಯಿಲನ್ನು ನಡುವೆ ಕೂಡಿಸುವ ಕೆಲಸ. ಡಸ್ಟ್ ಕ್ಯಾಪ್ ಕೊಯ್ದು ತೆಗೆದರೆ ನಡುವೆ ಕಬ್ಬಿಣದ ಕಂಬ, ಅದರ ಸುತ್ತ ಕಾಯಿಲಿನ ಕೊಳವೆ ಕಾಣುತ್ತದೆ. ಹಳೇ ಎಕ್ಸ್‌ರೇ ಫಿಲ್ಮನ್ನು ಕಿರುಬೆರಳಿನಷ್ಟು ಅಗಲದ ನಾಲ್ಕು ಪಟ್ಟಿ ಮಾಡಿ, ಕಂಬ ಮತ್ತು ಕೊಳವೆಯ ನಡುವೆ ನಾಲ್ಕು ದಿಕ್ಕಿಗೆ ಇಳಿಸಿರಿ. ಬಿಗಿಯಾಗಿಯೂ ಇರಬಾರದು, ಅಲುಗಲೂಬಾರದು. ಬಿಗಿ ಆದರೆ ಅದಕ್ಕಿಂತ ತೆಳು ಕಾಗದ ತೆಗೆದುಕೊಳ್ಳಿರಿ. ಈಗ ಕಾಯಿಲ್ ತಾನಾಗಿ ನಟ್ಟನಡುವೆ ನಿಲ್ಲುತ್ತದೆ.

ಮೊದಲು ಫೋಮಿನ ಒಳ ಅಂಚನ್ನು ಕೋನಿಗೆ ಅಂಟಿಸಿ ಪೂರ್ತಿ ಒಣಗಲು ಬಿಡಿರಿ. ಹೊರ ಅಂಚು ಚೌಕಟ್ಟಿಗೆ ಆಮೇಲೆ. ಕಿಟ್ ಜೊತೆ ಬರುವ ಬಿಳಿ ಅಂಟೇ ಎರಡೂ ಕಡೆಗೆ ಒಳ್ಳೆಯದು. ರಬ್ಬರ್ ಅಂಟು ಬಲವಾಗಿ ಹಿಡಿಯುತ್ತದೆ, ನಿಜ, ಆದರೆ ಮುಟ್ಟಿದ ಕ್ಷಣ ಹಿಡಿದುಬಿಡುತ್ತದೆ, ಸರಿಸಿ ಕೂಡಿಸಲು ಸಮಯ ಕೊಡುವುದಿಲ್ಲ. ಕೆಲವು ರಬ್ಬರ್ ಅಂಟಿನ ಥಿನ್ನರ್ ಹೊಸ ಫೋಮನ್ನೇ ತಿನ್ನುತ್ತದೆ. ನಮ್ಮಲ್ಲಿ ಬೇಸಿಗೆ 42 ಡಿಗ್ರಿ ದಾಟಿದಾಗ ಬಿಳಿ ಅಂಟೂ ಫ್ಯಾನಿನ ಗಾಳಿಗೆ ನೋಡುನೋಡುತ್ತ ಕೆನೆಗಟ್ಟುತ್ತದೆ. ಆ ದಿನಗಳಲ್ಲಾದರೆ ಬೆಳಗಿನ ತಂಪಿನಲ್ಲಿ, ಫ್ಯಾನ್ ಬಂದ್ ಮಾಡಿ ಕೂಡಿರಿ. ನೀವು ಈಗ ಮಳೆಗಾಲದಲ್ಲಿ ಮಾಡುವವರು, ಒಣಗಲು ಒಂದು ದಿನ ಹೆಚ್ಚು ಹಿಡಿದುಕೊಳ್ಳಿರಿ. ಹೊರ ಅಂಚಿನ ಅಂಟು ಇನ್ನೂ ಹಸಿ ಇದ್ದಾಗಲೇ ಪಟ್ಟಿಗಳನ್ನು ಒಮ್ಮೆ ತೆಗೆದು ಕೋನನ್ನು ಒತ್ತಿ ನೋಡಿರಿ. ಸರ್ ಅಂದರೆ ಫೋಮನ್ನು ಕೂದಲಷ್ಟು ಸರಿಸಲು ಇನ್ನೂ ಅವಕಾಶ ಇರುತ್ತದೆ. ಸಾಫ್ ಅನ್ನಿಸಿದರೆ ಪಟ್ಟಿ ಮತ್ತೆ ಇಳಿಸಿ ರಾತ್ರಿಯಿಡೀ ಬಿಡಿರಿ. ಮರುದಿನ ಪಟ್ಟಿ ತೆಗೆದು, ಸಣ್ಣ ದನಿಯಲ್ಲಿ ತಬಲಾ ಇರುವ ಹಾಡು ಹಚ್ಚಿ ಕೇಳಿ, ಎಲ್ಲ ಸರಿ ಇದ್ದರೆ ಕೊನೆಗೆ ಡಸ್ಟ್ ಕ್ಯಾಪ್ ಅಂಟಿಸಿರಿ.

ನೀವು ಕೇಳದಿದ್ದರೂ ಟ್ವೀಟರಿನ, ಅಂದರೆ ಕೀರಲು ದನಿಯ ಸಣ್ಣ ಸ್ಪೀಕರಿನ ಬಗ್ಗೆ ಎರಡು ಮಾತು, ನಿಮ್ಮ 12 ಇಂಚಿನ ಬಾಕ್ಸಿನಲ್ಲೂ ಒಂದು ಇರಬಹುದು. ಟ್ವೀಟರಿಗೆ ಹೋಗುವ ವೈರಿನಲ್ಲಿ ಒಂದು ಕೆಪಾಸಿಟರ್ ಇರುತ್ತದೆ, ದಪ್ಪ ದನಿಯ ಕರೆಂಟನ್ನು ಅದು ತಡೆಯುತ್ತದೆ. ಅದು ಹಳೆಯದಾಗಿ ಒಣಗಿದರೆ ಟ್ವೀಟರ್ ದನಿ ಸಣ್ಣದಾಗುತ್ತದೆ. ಬದಲಿಸುವಾಗ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡಿನದು ಹಾಕಿರಿ, ಪ್ಲಸ್ ಮೈನಸ್ ಇಲ್ಲದ ನಾನ್-ಪೋಲಾರ್ ಇರಬೇಕು. ಕೆಪಾಸಿಟರ್ ಇಲ್ಲದೆ ಟ್ವೀಟರನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟು ನೋಡಬೇಡಿರಿ. ಗುಡಿಯ ಮೇಲಿನ ಹಾರ್ನ್ ಸ್ಪೀಕರಿನ ಯೂನಿಟ್ ಹೋಗಿದ್ದರೆ ಅದರ ಡಯಾಫ್ರಾಮ್ ಬೇರೆಯಾಗಿಯೇ ಸಿಗುತ್ತದೆ, ಅದೇ ಮಾಡೆಲ್, ಅದೇ ಓಮ್ ನೋಡಿ ತಂದು ಸ್ಕ್ರೂ ಬಿಚ್ಚಿ ಕೂಡಿಸಿದರಾಯಿತು.

ಇನ್ನು ಕಾರಣದ ಮಾತು. ಸ್ಪೀಕರಿಗೆ ಕೊಟ್ಟ ಕರೆಂಟಿನಲ್ಲಿ ಸದ್ದಾಗುವುದು ನೂರಕ್ಕೆ ಕೆಲವೇ ಪಾಲು. ಉಳಿದದ್ದೆಲ್ಲ ಕಾಯಿಲಿನಲ್ಲಿ ಬಿಸಿಯಾಗುತ್ತದೆ. ತಾಮ್ರ ಒಂದು ಡಿಗ್ರಿ ಬಿಸಿ ಏರಿದರೆ ಅದರ ತಡೆ ನೂರಕ್ಕೆ ಸುಮಾರು 0.39ರಷ್ಟು ಏರುತ್ತದೆ. ಲೆಕ್ಕ ಹಾಕಿರಿ: 30 ಡಿಗ್ರಿಯಲ್ಲಿ 6 ಓಮ್ ಇದ್ದ ಕಾಯಿಲ್ 200 ಡಿಗ್ರಿಗೆ ಸುಮಾರು 10 ಓಮ್ ಆಗುತ್ತದೆ. ತಡೆ ಏರಿದಂತೆ ಸ್ಪೀಕರ್ ತೆಗೆದುಕೊಳ್ಳುವ ಕರೆಂಟ್ ಕಡಿಮೆ, ದನಿಯೂ ಕಡಿಮೆ. ರಾತ್ರಿ ಹನ್ನೊಂದರ ಹೊತ್ತಿಗೆ "ಯಾಕೋ ಸೌಂಡ್ ಇಳಿದದ" ಅಂತ ಯಾರೋ ಬಟನ್ ತಿರುಗಿಸುತ್ತಾರೆ. ಕಾಯಿಲ್ ಇನ್ನೂ ಕಾಯುತ್ತದೆ, ದನಿ ಇನ್ನೂ ಇಳಿಯುತ್ತದೆ, ಬಟನ್ ಮತ್ತೆ ಏರುತ್ತದೆ. ದನಿ ಇಳಿದಂತೆ ಅನ್ನಿಸಿದಾಗ ಮಾಡಬೇಕಾದ್ದು ಉಲ್ಟಾ: ಒಂದು ಭಜನಾ ಪದ ಮುಗಿಯುವವರೆಗೆ ತಗ್ಗಿಸಿ ಕಾಯಿಲ್ ಆರಲು ಬಿಡಬೇಕು.

ಎರಡನೆಯದು ಕ್ಲಿಪ್ಪಿಂಗ್. ಆಂಪ್ಲಿಫೈಯರಿನ ಶಕ್ತಿ ಮುಗಿದ ಮೇಲೂ ದನಿ ಏರಿಸಿದರೆ ದನಿಯ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಪೂರ್ತಿ ಚಪ್ಪಟೆಯಾದ ಅಲೆಯಲ್ಲಿ ಅಷ್ಟೇ ಎತ್ತರದ ದುಂಡು ಅಲೆಯ ಎರಡು ಪಟ್ಟು ಶಕ್ತಿ ಇರುತ್ತದೆ. ಅಂದರೆ 50 ವ್ಯಾಟಿನ ಸಣ್ಣ ಮಷಿನ್ ಹರಿದ ದನಿಯಲ್ಲಿ 100 ವ್ಯಾಟಿನ ಹತ್ತಿರ ಕಳಿಸಬಲ್ಲದು, ಜೊತೆಗೆ ಕೀರಲು ದನಿ ಹೆಚ್ಚಾಗಿ ಟ್ವೀಟರ್ ಮೊದಲು ಸುಡುತ್ತದೆ. ಮಷಿನ್ ಸಣ್ಣದು, ಸ್ಪೀಕರಿಗೆ ಏನಾಗುತ್ತದೆ ಅನ್ನುವ ನಂಬಿಕೆ ಅದಕ್ಕೇ ತಪ್ಪು. ನಮ್ಮ ಹಳ್ಳಿಗಳಲ್ಲಿ ರಾತ್ರಿ ಲೋಡ್ ಬಿದ್ದು ವೋಲ್ಟೇಜ್ ಇಳಿದಾಗ ಎಷ್ಟೋ ಮಷಿನ್ನುಗಳ ಶಕ್ತಿಯೂ ಇಳಿಯುತ್ತದೆ, ನಿನ್ನೆ ಚಲೋ ಇದ್ದ ಬಟನ್ನಿನ ಜಾಗದಲ್ಲೇ ಇವತ್ತು ದನಿ ಹರಿಯುತ್ತದೆ. ಹಾಡುವವರ ದನಿ ಒಡೆದಂತೆ ಕೇಳಿದ ತಕ್ಷಣ ತಗ್ಗಿಸಿರಿ. ಮೈಕನ್ನು ಬಾಕ್ಸಿನ ಎದುರಿಗೆ ಇಡಬೇಡಿರಿ, ಕುಂಯ್ ಅನ್ನುವ ಆ ಕೂಗೂ ಟ್ವೀಟರನ್ನು ಕೊಲ್ಲುತ್ತದೆ.

ಮೂರನೆಯದು ಜೋಡಣೆ. 8 ಓಮಿನ ಎರಡು ಬಾಕ್ಸ್ ಒಂದೇ ವೈರಿಗೆ ಪಕ್ಕಪಕ್ಕ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಕೊಟ್ಟರೆ 4 ಓಮ್. ಜಾತ್ರೆಗೆ ಅಂತ ಪಕ್ಕದೂರಿನಿಂದ ಇನ್ನೆರಡು ತಂದು ಅದಕ್ಕೇ ಕೊಟ್ಟರೆ 2 ಓಮ್, ಬಹಳಷ್ಟು ಮಷಿನ್ನುಗಳಿಗೆ ಇದು ಆಗದು. ನಾಲ್ಕು ಇದ್ದಾಗ ಎರಡೆರಡನ್ನು ಸಾಲಾಗಿ (ಒಂದರ ಮೈನಸ್ಸಿಗೆ ಇನ್ನೊಂದರ ಪ್ಲಸ್) ಜೋಡಿಸಿ, ಆ ಎರಡು ಜೋಡಿಯನ್ನು ಪಕ್ಕಪಕ್ಕ ಕೊಟ್ಟರೆ ಮತ್ತೆ 8 ಓಮ್ ಆಗುತ್ತದೆ. ನಿಮ್ಮ ಆಂಪ್ಲಿಫೈಯರಿನ ಹಿಂದೆ 4, 8, 16, 100ವಿ ಅಂತ ಬೇರೆ ಬೇರೆ ಟರ್ಮಿನಲ್ ಇದ್ದರೆ ಒಟ್ಟು ಓಮಿಗೆ ಹೊಂದುವ ಟರ್ಮಿನಲ್ಲಿಗೇ ಕೊಡಿರಿ. 100ವಿ ಅನ್ನುವುದು ಟ್ರಾನ್ಸ್‌ಫಾರ್ಮರ್ ಇರುವ ಹಾರ್ನುಗಳಿಗೆ ಮಾತ್ರ. ಬಾಕ್ಸನ್ನು ಅದಕ್ಕೆ ಕೊಟ್ಟರೆ ಕಾಯಿಲ್ ಉಳಿಯುವುದಿಲ್ಲ. ವೈರೂ ದಪ್ಪ ಇರಲಿ. 0.75 ಚದರ ಮಿಲಿಮೀಟರಿನ ವೈರು 30 ಮೀಟರ್ ಎಳೆದರೆ ಹೋಗಿ ಬರುವ ದಾರಿ ಸೇರಿ 1.4 ಓಮ್ ತಡೆ, 4 ಓಮಿನ ಬಾಕ್ಸುಗಳಿಗೆ ಹೋಗುವ ಶಕ್ತಿಯಲ್ಲಿ ಕಾಲು ಭಾಗ ವೈರಿನಲ್ಲೇ ಮುಗಿಯುತ್ತದೆ. 2.5 ಚದರ ಮಿಲಿಮೀಟರಿನದು ಹಾಕಿರಿ.

ರಿಪೇರಿಯಾದ ಸ್ಪೀಕರನ್ನು ಜೋಡಿಸುವ ಮೊದಲು ಆಂಪ್ಲಿಫೈಯರನ್ನೂ ಒಮ್ಮೆ ನೋಡಲೇಬೇಕು. ಸ್ಪೀಕರ್ ವೈರು ಬಿಡಿಸಿ, ದನಿ ಪೂರ್ತಿ ಇಳಿಸಿ, ಚಾಲೂ ಮಾಡಿ, ಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲ್ಲಿನಲ್ಲಿ ಅಳೆಯಿರಿ. ಸೊನ್ನೆಯ ಹತ್ತಿರ, ಕೆಲವು ಹತ್ತು ಮಿಲಿವೋಲ್ಟ್ ಬಂದರೆ ಸರಿ. ಒಂದೆರಡು ವೋಲ್ಟೋ ಅದಕ್ಕೂ ಹೆಚ್ಚೋ ಬಂದರೆ ಆಂಪ್ಲಿಫೈಯರಿನಲ್ಲೇ ದೋಷ ಇದೆ, ಬಹುತೇಕ ಔಟ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟಿರುತ್ತದೆ. ಅಂಥದಕ್ಕೆ ಸ್ಪೀಕರ್ ಕೊಟ್ಟರೆ ಕೋನ್ ಮುಂದಕ್ಕೋ ಹಿಂದಕ್ಕೋ ಸರಿದು ಹಾಗೇ ನಿಲ್ಲುತ್ತದೆ, ವೋಲ್ಟ್ ಹೆಚ್ಚಿದ್ದರೆ ಕೆಲವೇ ಸೆಕೆಂಡಿನಲ್ಲಿ ಹೊಗೆ ಬರುತ್ತದೆ.

ಇಲಿಯ ದಾರಿಯನ್ನೂ ಮುಚ್ಚಿರಿ. ಬಾಕ್ಸಿನ ಮುಂದೆ ಗಾಳಿ ಆಡಲು ಇರುವ ದುಂಡು ತೂತಿನಿಂದ ಇಲಿ ಒಳಗೆ ಸೇರಿ, ಒಳಗಿನ ಹತ್ತಿಯಲ್ಲಿ ಗೂಡು ಕಟ್ಟಿ, ಕೋನನ್ನು ಹಿಂದಿನಿಂದ ಕಡಿಯುತ್ತದೆ. ತೊಗರಿ ಚೀಲ ಇಡುವ ಕೋಣೆಯಲ್ಲೇ ಬಾಕ್ಸ್ ಇಟ್ಟರೆ ಅದು ತಪ್ಪದು. ಆ ತೂತಿಗೆ ಒಳಗಿನಿಂದ ತಂತಿಯ ಜಾಲರಿ ಹಾಕಿ ಸ್ಕ್ರೂ ಬಿಗಿಯಿರಿ. ತೂತನ್ನು ಹಲಗೆಯಿಂದ ಮುಚ್ಚಬೇಡಿರಿ, ದಪ್ಪ ದನಿ ಕೆಡುತ್ತದೆ.

ಗರಗರದ ಬಾಕ್ಸಿಗೆ ಕಾಯಿಲೇ ಹೋಗಿದೆ ಅಂತ ಖಾತ್ರಿಯಾದರೆ ಸ್ಪೀಕರನ್ನು ಇಡಿಯಾಗಿ ಅಂಗಡಿಗೆ ಒಯ್ಯಿರಿ, ನೀವೇ ಕೋನ್ ಹರಿದು ತೆಗೆಯಬೇಡಿರಿ. ಹಳೇ ಕಾಯಿಲಿನ ವ್ಯಾಸ, ಅದು ಸಂದಿನಲ್ಲಿ ಎಷ್ಟು ಆಳ ಕೂತಿತ್ತು ಅನ್ನುವುದನ್ನು ನೋಡಿಯೇ ಅವರು ಹೊಸದು ಕೂಡಿಸಬೇಕು. ಕಾಯಿಲ್, ಸ್ಪೈಡರ್, ಕೋನ್ ಮೂರೂ ಹೊಸದು ಹಾಕುತ್ತೀರೋ, ಎಷ್ಟು ಓಮಿನದು ಹಾಕುತ್ತೀರಿ ಅಂತ ಕೇಳಿರಿ. ಇನ್ನೊಂದು ಬಾಕ್ಸಿನ ಓಮ್ ಎಷ್ಟಿದೆಯೋ ಅಷ್ಟೇ ಇರಬೇಕು. ರೀಕೋನಿನ ಖರ್ಚು ಅಂಥದೇ ಹೊಸ ಸ್ಪೀಕರಿನ ಅರ್ಧ ಬೆಲೆ ದಾಟಿದರೆ ನಾನಾದರೆ ಹೊಸದೇ ತರುತ್ತೇನೆ. ಮ್ಯಾಗ್ನೆಟ್ ದೊಡ್ಡದಿದ್ದು ಚೌಕಟ್ಟು ಎರಕದ್ದಾಗಿದ್ದರೆ ಮಾತ್ರ ಹಳೆಯದಕ್ಕೆ ಖರ್ಚು ಮಾಡುವುದು ಲಾಭ. ಅಂಗಡಿಗೆ ಹೊರಡುವ ಮೊದಲು ಎರಡೂ ಬಾಕ್ಸಿನ ಮೀಟರ್ ಅಂಕಿ, ಆಂಪ್ಲಿಫೈಯರಿನ ಹಿಂದೆ ಬರೆದಿರುವ ವ್ಯಾಟ್ ಮತ್ತು ಓಮ್ ಬರೆದು ನನಗೆ ಕಳಿಸಿರಿ, ನೋಡಿ ಹೇಳುತ್ತೇನೆ.